ಹೊಸ್ತಿಲ ಮೇಲೆ ನಿಂತವರು

ಅವರ ಮನೆಗೆ ದಾರಿ ಕೇಳಿದರೆ ಅವರು ಯಾವಾಗಲೂ ಮನೆಯಿಂದ ಹೊರಟು ಹೇಳುತ್ತಿದ್ದರು. "ನಮ್ಮನೆ ಬಾಗ್ಲಿಂದ ಈಚೆಗೆ ಬಾ. ಎಡಕ್ಕೆ ತಿರುಗು. ಇಟ್ಟಿನ ಮಿಷನ್ ಸಿಗ್ತದೆ. ಅದು ದಾಟುದ್ರೆ ಇಳಿಜಾರು. ಇಳುದ್ರೆ ಮಾರ್ಕೆಟ್ಟು. ಅಲ್ಲಿ ಆಟೋ ಇಡ್ಕೊಂಡ್ರೆ ಮಾರಿಕುಪ್ಪಂ ಸ್ಟೇಷನ್ನು." ಕೇಳಿದವರು ನಿಂತಿರುತ್ತಿದ್ದದ್ದು ಸ್ಟೇಷನ್ನಿನಲ್ಲಿ. ಅವರಿಗೆ ಬೇಕಾದದ್ದು ಅಲ್ಲಿಂದ ಆಂಡರ್ಸನ್‌ಪೇಟೆಯ ಆ ಮನೆಗೆ ಹೋಗುವ ದಾರಿ. ಹಾಗಂತ ಗೊಣಗಿದರೆ, "ತಿರುವಿ ಓದ್ಕೊ ಅಮ್ಮಾ, ಅದ್ರಲ್ಲೇನೈತೆ?" ಅನ್ನುತ್ತಿದ್ದರು. ವರ್ಷಗಟ್ಟಲೆ ಒಂದೇ ಆಫೀಸಿಗೆ ಒಟ್ಟಿಗೆ ರೈಲಿನಲ್ಲಿ ಓಡಾಡಿದರೂ ನಾನು ಅವರ ಮನೆಗೆ ಹೋದದ್ದು ಅವರು ಸತ್ತ ಮೇಲೆ. ದಾರಿಯನ್ನು ತಿರುವಿ ಓದಿಕೊಂಡೇ ಹೋದೆ. ಎಲ್ಲೂ ತಪ್ಪಲಿಲ್ಲ.

ಅವರು ಹೋದಾಗ ಆಫೀಸಿನಲ್ಲಿ ಕೆಲವರು ಅತ್ತರು. ಅವರ ಜೊತೆ ಎರಡು ಮಾತು ಆಡದವರೂ ಕಣ್ಣು ಒರೆಸಿಕೊಂಡರು. ನನಗೆ ಅಳು ಬರಲಿಲ್ಲ. ಆಮೇಲೆ ಬರುತ್ತದೆ ಅಂದುಕೊಂಡೆ, ಆಮೇಲೂ ಬರಲಿಲ್ಲ. ಬೆಳಿಗ್ಗೆ ಎದ್ದು ಹಾಲು ಕರೆದು, ಡೈರಿಗೆ ಹಾಕಿ, ಬಂಗಾರಪೇಟೆಗೆ ಬಂದು ಅದೇ ರೈಲು ಹಿಡಿದು ಕೆಲಸಕ್ಕೆ ಹೋಗುತ್ತಿದ್ದೆ. ಊಟದ ರುಚಿ ಗೊತ್ತಾಗುತ್ತಿತ್ತು, ನಗು ಬಂದ ಕಡೆ ನಗುತ್ತಿದ್ದೆ. ಒಳಗೆ ಮಾತ್ರ ಏನೂ ಆಗುತ್ತಿರಲಿಲ್ಲ, ಹಲ್ಲು ಕೀಳಿಸಿಕೊಂಡು ಬಂದ ದಿನ ದವಡೆ ಮುಟ್ಟಿಕೊಂಡರೆ ಆಗುತ್ತದಲ್ಲ ಹಾಗೆ.

ಅವರ ಕೆಲಸ ಏನು ಎಂದು ಹೇಳದೆ ಅವರನ್ನು ಹೇಳಲಿಕ್ಕೆ ಆಗುವುದಿಲ್ಲ. ಪ್ರೋಗ್ರಾಮು ಓಡುವಾಗ ಅದರ ಒಂದು ಭಾಗ ಇನ್ನೊಂದನ್ನು ಕರೆಯುತ್ತದೆ, ಅದು ಮತ್ತೊಂದನ್ನು. ಈ ಭಾಗಗಳಿಗೆ ಫಂಕ್ಷನ್ ಅನ್ನುತ್ತೇವೆ. ಹೀಗೆ ಒಳಗೊಳಗೆ ಇಳಿಯುತ್ತಾ ಹೋಗಿ ಆಳದಲ್ಲೆಲ್ಲೋ ಪ್ರೋಗ್ರಾಮು ಎಡವಿ ಬಿದ್ದರೆ, ಇಲ್ಲಿಗೆ ಕರೆದವರು ಯಾರು, ಅವರನ್ನು ಕರೆದವರು ಯಾರು ಎಂದು ಒಂದೊಂದೇ ಮಜಲು ಹಿಂದಕ್ಕೆ ಹತ್ತಿಕೊಂಡು ಬಂದು ಹೇಳುವ ಸಾಧನಗಳಿವೆ. ಸ್ಟ್ಯಾಕ್ ಬಿಚ್ಚುವುದು ಎಂದು ಇದಕ್ಕೆ ಹೆಸರು. ಹಿಂದಕ್ಕೆ ಬರುವ ದಾರಿ ಆ ಸಾಧನಕ್ಕೆ ತಾನಾಗಿ ತಿಳಿಯುವುದಿಲ್ಲ. ಪ್ರೋಗ್ರಾಮಿನ ಜೊತೆಯಲ್ಲೇ ಒಂದು ಕೋಷ್ಟಕ ಇರುತ್ತದೆ. ಈ ಜಾಗದಲ್ಲಿ ನಿಂತಿದ್ದರೆ ವಾಪಸು ಹೋಗುವ ವಿಳಾಸ ಇಂಥ ಕಡೆ ಇದೆ ಎಂದು ಅದರಲ್ಲಿ ಬರೆದಿರುತ್ತದೆ. ಅದನ್ನು ಓದಿಕೊಂಡೇ ಸಾಧನ ಮೇಲೆ ಬರಬೇಕು.

ನಾವಿದ್ದ ಕಂಪನಿ ಅಂಥದೊಂದು ಸಾಧನ ಮಾಡುತ್ತಿತ್ತು. ಅದು ಕೋಷ್ಟಕವನ್ನು ಸರಿಯಾಗಿ ಓದುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಲಿಕ್ಕೂ ಕೋಷ್ಟಕಗಳು ಬೇಕು. ನಿಜವಾದ ಪ್ರೋಗ್ರಾಮುಗಳಲ್ಲಿ ಸಿಗುವಂಥವು ಬಹುಪಾಲು ಸರಿಯಾಗಿಯೇ ಇರುತ್ತವೆ, ಒಂದರ ಹಾಗೆ ಇನ್ನೊಂದು. ಅಪರೂಪದವು, ಸೊಟ್ಟಗಿನವು, ಅರ್ಧಕ್ಕೆ ಮುರಿದವು ಬೇಕು ಅಂದರೆ ಯಾರಾದರೂ ಕೂತು ಹುಟ್ಟಿಸಬೇಕು. ಅವರು ಹುಟ್ಟಿಸುತ್ತಿದ್ದರು. ಅದಕ್ಕಾಗಿ ಒಂದು ಪ್ರೋಗ್ರಾಮು ಬರೆದಿಟ್ಟುಕೊಂಡಿದ್ದರು. ಎಂಥ ಕೋಷ್ಟಕ ಬೇಕು ಎಂದು ನಾಲ್ಕು ಸಾಲು ಬರೆದು ಕೊಟ್ಟರೆ ಅದು ಅಳತೆ ಸರಿಯಾಗಿರುವ ಕೋಷ್ಟಕವನ್ನು ಹೊಯ್ದು ಕೊಡುತ್ತಿತ್ತು. ಬೇಕಂತಲೇ ಅಳತೆ ತಪ್ಪಿಸು ಅಂದರೆ ತಪ್ಪಿಸಿಯೂ ಕೊಡುತ್ತಿತ್ತು. ಆ ಪ್ರೋಗ್ರಾಮಿಗೆ ಅವರು ಇಟ್ಟ ಹೆಸರು ಅಚ್ಚು. ಕಡತಗಳಲ್ಲೂ ಅದೇ ಹೆಸರು ಇತ್ತು. ದೆಹಲಿಯಿಂದ ಬಂದ ಹುಡುಗರು "ಅಚ್ಚೂ" ಎಂದು ಸೀನಿದ ಹಾಗೆ ಕರೆಯುತ್ತಿದ್ದರು, ಅವರೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಬೀದಿಯವರು ಏನು ಕೆಲಸ ಎಂದು ಕೇಳಿದರೆ, "ತಪ್ಪು ಮಾಡ್ತೀನಿ. ಅದಕ್ಕೇ ಸಂಬಳ ಕೊಡ್ತಾರೆ" ಅನ್ನುತ್ತಿದ್ದರಂತೆ. ರೈಲಿನಲ್ಲಿ ಜೊತೆಗೆ ಬರುತ್ತಿದ್ದ ಬ್ಯಾಂಕಿನವರೊಬ್ಬರು ಒಮ್ಮೆ ಕೆಣಕಿದರು. "ನಾವೂ ಮಾಡ್ತೀವಿ ಸಾರ್ ತಪ್ಪು. ನಮ್ಗೆ ಮೆಮೋ ಕೊಡ್ತಾರೆ."

"ನೀವು ತಪ್ಪು ಮಾಡ್ಬಿಟ್ಟು ಸರಿ ಅಂತೀರಿ. ನಾನು ತಪ್ಪು ಮಾಡ್ಬಿಟ್ಟು ತಪ್ಪು ಅಂತ್ಲೇ ಬರ್ದಿಡ್ತೀನಿ" ಎಂದು ಹೇಳಿ ಮಫ್ಲರ್ ಎಳೆದುಕೊಂಡು ಕಣ್ಣು ಮುಚ್ಚಿದರು. ಮಫ್ಲರು ಬೇಸಿಗೆಯಲ್ಲೂ ಇರುತ್ತಿತ್ತು. ಆಫೀಸಿನ ಎ.ಸಿ. ತಮ್ಮ ಮೇಲೆ ಹಗೆ ಸಾಧಿಸುತ್ತದೆ ಎಂಬುದು ಅವರ ದೃಢ ನಂಬಿಕೆ.

ಅವರು ಹತ್ತುತ್ತಿದ್ದದ್ದು ರೈಲು ಹೊರಡುವ ಮಾರಿಕುಪ್ಪಂನಲ್ಲಿ, ಹಾಗಾಗಿ ಅವರಿಗೆ ಕಿಟಕಿ ಪಕ್ಕದ ಸೀಟು ಖಾಯಂ. ಪಕ್ಕದ ಸೀಟಿನ ಮೇಲೆ ಊಟದ ಚೀಲ ಇಟ್ಟು ಬಂಗಾರಪೇಟೆ ತನಕ ಕಾಯುತ್ತಿದ್ದರು. ಊರ್ಗಾಂನಲ್ಲಿ ಹತ್ತಿದವರು ಚೀಲ ತೆಗೆಯಿರಿ ಎಂದು ಜಗಳಕ್ಕೆ ಬಂದರೆ ತಮಿಳಿನಲ್ಲಿ ಜಗಳ, ಬಂಗಾರಪೇಟೆಯಲ್ಲಿ ನುಗ್ಗಿದವರ ಜೊತೆ ತೆಲುಗಿನಲ್ಲಿ. ನನ್ನ ಮುಖ ಕಂಡ ಕೂಡಲೇ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು, "ಬಂದ್ಯಾ? ಕೂತ್ಕೊ" ಅನ್ನುವುದು ಕನ್ನಡದಲ್ಲಿ. ಬೇರೆ ಮಾತು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಶನಿವಾರ ಕೆಲಸವಿದ್ದರೆ ಸಂಜೆ ಬಂಗಾರಪೇಟೆಯಲ್ಲಿ ನನ್ನ ಜೊತೆ ಇಳಿದು, ತಿಳಿನೀರಿನ ಪಾನಿಪುರಿ ತಿಂದು, ಮುಂದಿನ ರೈಲಿಗೆ ಊರಿಗೆ ಹೋಗುತ್ತಿದ್ದರು. ಖಾರಕ್ಕೆ ಮೂಗು ಸೋರುತ್ತಿದ್ದರೆ ಮಫ್ಲರಿನಲ್ಲೇ ಒರೆಸಿಕೊಳ್ಳುತ್ತಿದ್ದರು. ನನಗೆ ಹೇಸಿಗೆಯಾಗುತ್ತಿತ್ತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಹೇಳಿಕೊಟ್ಟದ್ದು ಒಂದೇ. ಪರೀಕ್ಷೆಯ ಉತ್ತರವನ್ನು ಮೊದಲು ನೀನು ಬರಿ, ಆಮೇಲೆ ಮಿಷನ್ ಓಡಿಸು. ನಮ್ಮಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದರ ತಿರುಗಾಮುರುಗ. ಸಾಧನವನ್ನು ಓಡಿಸುವುದು, ಅದು ಏನು ಹೇಳಿತೋ ಅದನ್ನೇ ಸರಿಯುತ್ತರ ಎಂದು ಬರೆದಿಡುವುದು, ಮರುದಿನ ಮತ್ತೆ ಓಡಿಸಿ "ನೋಡಿ, ಹೊಂದಿಕೆಯಾಯಿತು" ಅನ್ನುವುದು. ನಾನೂ ಹಾಗೆ ಮಾಡಿ ಸಿಕ್ಕಿಬಿದ್ದಾಗ ಅವರು ಬೈಯಲಿಲ್ಲ. ನನ್ನ ಕುರ್ಚಿಯ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತರು.

"ನಿಮ್ಮನೆ ಅಸುಗೆ ಎಷ್ಟು ಆಲು ಕೊಟ್ಟೆ ಅಂತ ಅಸೂನೇ ಕೇಳ್ತೀಯಾ, ಅಳೆದು ನೋಡ್ತೀಯಾ?"

"ಅಳೀತೀನಿ ಸಾರ್."

"ಮತ್ತೆ?"

ಅಷ್ಟೇ. ಅಂದಿನಿಂದ ಉತ್ತರ ಮೊದಲು ಬರೆಯುವುದು ಅಭ್ಯಾಸವಾಯಿತು. ನಿಧಾನದ ಕೆಲಸ. ಒಂದು ಸಣ್ಣ ಕೋಷ್ಟಕಕ್ಕೆ ಅರ್ಧ ದಿನ ಹಿಡಿಯುತ್ತಿತ್ತು. ಆಫೀಸಿನ ಮೀಟಿಂಗುಗಳಲ್ಲಿ ನಮ್ಮಿಬ್ಬರ ಹೆಸರು ಬಂದಾಗ ಜನ ಗಡಿಯಾರ ನೋಡಿಕೊಳ್ಳುತ್ತಿದ್ದರು.

ಅವರ ಅಪ್ಪ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಗಣಿಯ ವಿಷಯ ಅವರು ಹೆಚ್ಚು ಎತ್ತುತ್ತಿರಲಿಲ್ಲ. ಆಫೀಸಿನವರು ಕೆ.ಜಿ.ಎಫ್. ಅಂದ ಕೂಡಲೇ ಕಣ್ಣರಳಿಸಿ ಚಿನ್ನ ಸಿಕ್ಕಿತಾ ಎಂದು ಕೇಳುತ್ತಿದ್ದದ್ದು ಅವರಿಗೆ ಸಾಕುಸಾಕಾಗಿತ್ತು. "ಧೂಳು ಸಿಕ್ತದೆ, ಬೇಕಾ?" ಅನ್ನುತ್ತಿದ್ದರು. ಆದರೆ ಮನೆಯ ಬಿಲ್ಲೆಗಳ ಪದ್ಧತಿಯನ್ನು ಮಾತ್ರ ಅವರೇ ಒಂದು ಸಂಜೆ ರೈಲಿನಲ್ಲಿ ಹೇಳಿದರು. ಗಣಿಗೆ ಇಳಿಯುವವರಿಗೆ ಒಂದೊಂದು ಹಿತ್ತಾಳೆ ಬಿಲ್ಲೆ ಇತ್ತಂತೆ. ಯಾರ ಬಿಲ್ಲೆ ಲೆಕ್ಕಕ್ಕೆ ಬಂದಿಲ್ಲವೋ ಅವರು ಇನ್ನೂ ಕೆಳಗೇ ಇದ್ದಾರೆ ಎಂದು ಅರ್ಥ. ಅವರ ಅಮ್ಮ ಅದನ್ನು ಮನೆಗೆ ತಂದಿದ್ದರು. ಬಾಗಿಲ ಪಕ್ಕದ ಗೋಡೆಗೆ ಸಾಲಾಗಿ ಮೊಳೆ ಹೊಡೆದು, ಮನೆಯಿಂದ ಹೊರಗೆ ಹೋಗುವವರು ತಮ್ಮ ಬಿಲ್ಲೆಯನ್ನು ನೇತು ಹಾಕಿ ಹೋಗಬೇಕು, ಬಂದ ಮೇಲೆ ತೆಗೆದು ತಗಡಿನ ಡಬ್ಬಿಗೆ ಹಾಕಬೇಕು ಎಂದು ಕಟ್ಟಳೆ ಮಾಡಿದ್ದರು. ಗಣಿ ಮುಚ್ಚಿತು, ಅಪ್ಪ ಹೋದರು, ಕಟ್ಟಳೆ ನಿಲ್ಲಲಿಲ್ಲ. ಇವರ ಹೆಂಡತಿಯ ಬಿಲ್ಲೆ ಎಂದರೆ ಬೀಗ ಕಳೆದುಹೋದ ಒಂದು ಹಳೆಯ ಬೀಗದ ಕೈ. ಇವರದು ಅಪ್ಪ ಯಾವುದೋ ಯಂತ್ರದಿಂದ ತಂದಿದ್ದ ಹಿತ್ತಾಳೆ ವಾಷರು.

"ಡಬ್ಬೀಗೆ ಆಕಿದ ಸದ್ದು ಕೇಳುದ್ರೆ ನಮ್ಮಮ್ಮ ಒಳಗಿಂದ ಬಂದ್ಯಾಪ್ಪಾ ಅಂತಾಳೆ. ಬಂದೆ ಅನ್ಬೇಕು. ಅನ್ನದೆ ಓದ್ರೆ ಊಟ ಇಕ್ಕಲ್ಲ" ಎಂದು ನಕ್ಕರು. ಈ ವಯಸ್ಸಿನಲ್ಲೂ ಹೀಗಾ ಎಂದು ನಾನೂ ನಕ್ಕೆ.

ಕೊನೆಯ ತಿಂಗಳುಗಳಲ್ಲಿ ಅವರು ಒಂದು ಪರೀಕ್ಷೆಯ ಬೆನ್ನು ಬಿದ್ದಿದ್ದರು. ಅದನ್ನೂ ಸ್ವಲ್ಪ ಹೇಳಬೇಕು. ಒಂದು ಫಂಕ್ಷನ್ ಇನ್ನೊಂದನ್ನು ಕರೆದಾಗ ವಾಪಸು ಬರುವ ವಿಳಾಸ ಎಂದರೆ ಕರೆದ ಜಾಗದ ಮುಂದಿನ ಜಾಗ. ಆದ್ದರಿಂದ ಕರೆದವರು ಯಾರು ಎಂದು ಹುಡುಕುವಾಗ ಸಾಧನ ಒಂದು ಹೆಜ್ಜೆ ಹಿಂದಕ್ಕಿಟ್ಟು ನೋಡುತ್ತದೆ. ಅದು ಸರಿಯೇ. ಆದರೆ ಕೆಲವು ಸಲ ಯಾರೂ ಯಾರನ್ನೂ ಕರೆದಿರುವುದಿಲ್ಲ, ಹೊರಗಿನಿಂದ ತಡೆ ಬಂದು ಪ್ರೋಗ್ರಾಮು ಇದ್ದಲ್ಲೇ ನಿಂತುಬಿಡುತ್ತದೆ. ಅಲ್ಲಿ ಹಿಂದಕ್ಕೆ ಹೆಜ್ಜೆ ಇಡಬಾರದು, ನಿಂತ ಜಾಗವೇ ಜಾಗ. ಹಾಗೆಂದು ಕೋಷ್ಟಕದಲ್ಲಿ ಒಂದು ಗುರುತೂ ಇರುತ್ತದೆ. ನಮ್ಮ ಸಾಧನ ಆ ಗುರುತನ್ನು ನೋಡುತ್ತಿರಲಿಲ್ಲ, ಎಲ್ಲ ಕಡೆಯೂ ಹೆಜ್ಜೆ ಹಿಂದಕ್ಕಿಡುತ್ತಿತ್ತು. ಸಾಮಾನ್ಯವಾಗಿ ಅದರಿಂದ ತೊಂದರೆ ಕಾಣುವುದಿಲ್ಲ. ಒಂದು ಫಂಕ್ಷನ್ನಿನ ಒಳಗೆ ಮೊದಲ ಕಾಲು ಇಟ್ಟ ಕ್ಷಣದಲ್ಲೇ ತಡೆ ಬಂದರೆ ಮಾತ್ರ, ಹಿಂದಕ್ಕೆ ಇಟ್ಟ ಹೆಜ್ಜೆ ಪಕ್ಕದ ಫಂಕ್ಷನ್ನಿಗೆ ಬೀಳುತ್ತದೆ. ಆಗ ಸಾಧನ ಪಕ್ಕದವರ ಹೆಸರು ಹೇಳುತ್ತದೆ.

ಅವರು ಅಚ್ಚಿನಲ್ಲಿ ಆ ಒಂದು ಕ್ಷಣವನ್ನು ಹುಟ್ಟಿಸಿದರು. ಸರಿಯುತ್ತರವನ್ನು ಎಂದಿನ ಹಾಗೆ ಮೊದಲೇ ಬರೆದಿಟ್ಟರು. ಸಾಧನ ಬೇರೆ ಉತ್ತರ ಕೊಟ್ಟಿತು.

ನಮ್ಮ ಟೀಮಿನ ಮುಖ್ಯಸ್ಥ ಒಳ್ಳೆಯ ಹುಡುಗ, ನನಗಿಂತ ಚಿಕ್ಕವನು, ಎಲ್ಲರ ಜೊತೆ ಮೆತ್ತಗೆ ಮಾತಾಡುವವನು. "ಸಾರ್, ಇದು ನಿಜ ಜೀವನದಲ್ಲಿ ಆಗೋದೇ ಇಲ್ಲ. ಸಾಧನದ ಉತ್ತರಾನೇ ಇಟ್ಕೊಂಡುಬಿಡೋಣ" ಅಂದ.

"ಓಸ್ತಿಲ ಮೇಲೆ ನಿಂತೋನ್ನ ಪಕ್ಕದ ಮನೆಯೋನು ಅಂದ್ರೆ ಎಂಗಪ್ಪಾ?" ಎಂದರು ಅವರು. "ಒಂದು ಕಾಲು ಒಳಗೆ ಇಕ್ಕವ್ನೆ. ಅವ್ನು ಆ ಮನೆಯೋನೇ."

ಪರೀಕ್ಷೆ ಹಾಗೆಯೇ ಉಳಿಯಿತು. ದಿನವೂ ಪಾಸಾದ ಪರೀಕ್ಷೆಗಳ ಸಾಲು ಹಸಿರಾಗಿ, ನಪಾಸಾದ ಅದೊಂದು ಕೆಂಪಾಗಿ ಕಾಣುತ್ತಿತ್ತು. ಸಾಧನವನ್ನು ಸರಿಮಾಡುವುದು ಇನ್ನೊಬ್ಬರ ಪಾಲಿನ ಕೆಲಸ, ಅವರಿಗೆ ಪುರುಸೊತ್ತಿರಲಿಲ್ಲ. ಇವರೇ ಕೊನೆಗೆ, "ಬಿಡು, ಈ ತಿಂಗ್ಳು ನಾನೇ ಸರಿ ಮಾಡ್ತೀನಿ" ಎಂದಿದ್ದರು.

ಆ ದಿನ ಬಂಗಾರಪೇಟೆಯಲ್ಲಿ ನಾನು ಹತ್ತಿದಾಗ ಚೀಲ ಸೀಟಿನ ಮೇಲಿತ್ತು. ಎತ್ತಿಕೊಂಡರು. "ಬಂದ್ಯಾ? ಕೂತ್ಕೊ" ಅಂದರು. ಕೂತೆ. ಅವರು ಮಫ್ಲರ್ ಸುತ್ತಿಕೊಂಡು ಕಿಟಕಿಗೆ ತಲೆ ಆನಿಸಿದರು. ನಾನು ಫೋನ್ ನೋಡುತ್ತಿದ್ದೆ. ಟೇಕಲ್ ಬಂತು, ಹೋಯಿತು. ಮಾಲೂರಿನಲ್ಲಿ ಕಡ್ಲೆಕಾಯಿ ಮಾರುವವಳು ಹತ್ತಿ ಬಂದಳು. ಅವಳ ಕಡ್ಲೆಕಾಯಿ ಸೀದಿರುತ್ತದೆ ಎಂದು ದಿನವೂ ತಕರಾರು ಮಾಡಿ ದಿನವೂ ಕೊಳ್ಳುತ್ತಿದ್ದವರು ಅಂದು ಕಣ್ಣು ತೆರೆಯಲಿಲ್ಲ. "ಮಲಗವ್ರೆ" ಎಂದು ಅವಳಿಗೆ ನಾನೇ ಹೇಳಿ ಕಳಿಸಿದೆ. ವೈಟ್‌ಫೀಲ್ಡಿನಲ್ಲಿ ಇಳಿಯಬೇಕು ಎಂದು ತೋಳು ಮುಟ್ಟಿದೆ. ಚೀಲ ತೊಡೆಯಿಂದ ಜಾರಿತು, ಅವರು ಹಿಡಿದುಕೊಳ್ಳಲಿಲ್ಲ.

ಆಮೇಲೆ ರೈಲ್ವೆ ಪೊಲೀಸರು ಯಾವ ಸ್ಟೇಷನ್ ಹತ್ತಿರ ಆಗಿದ್ದು ಎಂದು ಕೇಳಿದರು. ಗೊತ್ತಿಲ್ಲ ಎಂದೆ. ಪಕ್ಕದಲ್ಲೇ ಕೂತಿದ್ದಿರಲ್ಲಮ್ಮ ಎಂದರು. ಕೂತಿದ್ದೆ ಎಂದೆ. ವೈಟ್‌ಫೀಲ್ಡ್ ಎಂದು ಬರೆದುಕೊಂಡರು. ಇದನ್ನೆಲ್ಲ ನಾನು ಬೇರೆಯವರ ವಿಷಯ ಹೇಳುವವಳಂತೆ ಹೇಳಿದೆನಂತೆ. ಬೆಂಚಿನ ಮೇಲೆ ಕೂತು ಅವರ ಊಟದ ಚೀಲ ಹಿಡಿದುಕೊಂಡಿದ್ದೆ. ಡಬ್ಬಿ ಇನ್ನೂ ಬಿಸಿಯಾಗಿತ್ತು.

ಆಫೀಸಿನಲ್ಲಿ ಅವರ ಕುರ್ಚಿಯನ್ನು ಕೆಲವು ದಿನ ಹಾಗೇ ಬಿಟ್ಟು ಆಮೇಲೆ ಹೊಸಬರಿಗೆ ಕೊಟ್ಟರು. ಕೊಡಲೇಬೇಕಲ್ಲ, ಕುರ್ಚಿ ಬೇಕಾಗುತ್ತದೆ. ಅದಾದ ಮೇಲೆ ಮುಖ್ಯಸ್ಥ ನನ್ನನ್ನು ಕರೆದು, ಕೂರಿಸಿ, ನೀರು ಕೊಟ್ಟು, ಅಚ್ಚನ್ನು ತೆಗೆದುಹಾಕೋಣ ಅಂದ. ಅದನ್ನು ಇನ್ನು ನೋಡಿಕೊಳ್ಳುವವರು ಯಾರು? ನಿಜವಾದ ಪ್ರೋಗ್ರಾಮುಗಳಿಂದ ಕೋಷ್ಟಕಗಳನ್ನು ಎತ್ತಿಕೊಂಡು ಪರೀಕ್ಷೆ ಮಾಡಿದರೆ ಸಾಕು, ಬೇರೆ ಕಂಪನಿಗಳೂ ಹಾಗೇ ಮಾಡುತ್ತವೆ. ಅವರ ಪರೀಕ್ಷೆಗಳನ್ನೂ ಅಚ್ಚನ್ನೂ ಅಳಿಸುವ ಕೆಲಸ ನನ್ನ ಪಾಲಿಗೆ ಬಂತು. "ನಿಮಗೆ ಕಷ್ಟ ಆಗಲ್ಲ ತಾನೆ?" ಎಂದು ಕೇಳಿದ. ಇಲ್ಲ ಎಂದೆ. ನಿಜವಾಗಿಯೂ ಕಷ್ಟ ಅನ್ನಿಸಲಿಲ್ಲ.

ಆ ವಾರವೇ ಅವರ ಹೆಂಡತಿ ಫೋನ್ ಮಾಡಿದರು. ಕಾರ್ಯ ಎಲ್ಲ ಮುಗಿದಿತ್ತು, ನಾನು ಹೋಗಿರಲಿಲ್ಲ. "ಒಂದು ಗಳಿಗೆ ಬಂದೋಗಮ್ಮ. ನಮ್ಮತ್ತೆ ಕರೀತಾವ್ರೆ" ಎಂದರು. ಅವರ ದಾರಿಯನ್ನು ತಿರುವಿ ಓದಿಕೊಂಡು ಹೋದದ್ದು ಆಗಲೇ. ಸ್ಟೇಷನ್, ಆಟೋ, ಮಾರ್ಕೆಟ್ಟು, ಏರು, ಹಿಟ್ಟಿನ ಮಿಷನ್. ಬೀದಿಯ ಕೊನೆಯಲ್ಲಿ, ಮನೆಗಳ ಸಂದಿನಿಂದ, ಗಣಿಯ ಬೂದುಬಣ್ಣದ ಮಣ್ಣುಗುಡ್ಡ ಕಾಣುತ್ತಿತ್ತು. ಬಲಕ್ಕೆ ತಿರುಗಿದರೆ ಅವರ ಮನೆ.

ಬಾಗಿಲ ಪಕ್ಕದಲ್ಲಿ ಮೊಳೆಗಳು. ಒಂದರಲ್ಲಿ ಹಿತ್ತಾಳೆ ವಾಷರು ನೇತಾಡುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತದ್ದು ಕಂಡು ಅವರ ಹೆಂಡತಿ ಮೆಲ್ಲಗೆ ಹೇಳಿದರು. "ಆವತ್ತು ಬೆಳಿಗ್ಗೆ ಆಕ್ಬಿಟ್ಟು ಓಗಿದ್ದು. ನಮ್ಮತ್ತೆ ಮುಟ್ಟಕ್ ಬಿಡ್ತಿಲ್ಲ. ನಂಗೆ ದಿನಾ ನೋಡಕ್ಕಾಗಲ್ಲ ಕಣಮ್ಮ. ಗಾಳಿಗೆ ಅಲ್ಲಾಡುದ್ರೆ ಬಂದ್ರು ಅನ್ಕೊಂಡು ಎದ್ದು ಬತ್ತೀನಿ."

ಒಳಗೆ ಮಂಚದ ಮೇಲೆ ಅವರ ಅಮ್ಮ ಕೂತಿದ್ದರು. ಸಣ್ಣ ದೇಹ, ಕಣ್ಣು ಅಷ್ಟಾಗಿ ಕಾಣುತ್ತಿರಲಿಲ್ಲ, ಕಿವಿ ಮಾತ್ರ ಚುರುಕು. ನನ್ನ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ನೀನೇನಾ ಕಣ್ಣು, ಅವ್ನ ಜೊತೆ ಇಳಿಯೋಳು?"

ಕಣ್ಣು ಅನ್ನುವುದು ಆ ಕಡೆಯ ತಮಿಳಿನ ಮುದ್ದುಮಾತು. ಅವರ ಕಾಲದಲ್ಲಿ ಕೆಲಸಕ್ಕೆ ಹೋಗುವುದು ಎಂದರೆ ಗಣಿಗೆ ಇಳಿಯುವುದು. "ಹೂಂ ಅಜ್ಜಿ, ನಾನೇ" ಎಂದೆ.

"ಇಳ್ದೋನು ಮೇಲಕ್ಕೆ ಬರ್ದೆ ಓದ್ರೆ ಅವ್ನ ಬಿಲ್ಲೇನ ಮನೆಯೋರು ತೆಗೀಬಾರ್ದು. ಜೊತೇಲಿ ಇಳ್ದೋರು ತೆಗೀಬೇಕು. ನಮ್ಮೆಜಮಾನ್ರ ಗ್ಯಾಂಗಲ್ಲಿ ಒಬ್ಬ ಓದಾಗ ಅಂಗೇ ಮಾಡುದ್ರು. ಅವ್ನು ಅರ್ಧ ಬಿಟ್ಟಿದ್ದ ಕೆಲ್ಸಾನ ಮುಗಿಸ್ಬಿಟ್ಟು, ಮುಗೀತು ಅಂತ ಅವ್ನ ಎಂಡ್ತಿ ಮುಂದೆ ಏಳ್ಬಿಟ್ಟು ಬಿಲ್ಲೆ ತೆಗ್ದು ಕೊಟ್ರು." ಸ್ವಲ್ಪ ಸುಧಾರಿಸಿಕೊಂಡರು. "ನನ್ ಮಗನ ಕೆಲ್ಸ ಮುಗೀತಾ ಕಣ್ಣು?"

ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಮುಗೀತು ಅಂದುಬಿಡು ಎಂದು ಆ ಮುಖದಲ್ಲಿ ಬರೆದಿತ್ತು. ಹಾಗೆ ಹೇಳುವುದು ಕಷ್ಟವೇನಿರಲಿಲ್ಲ. ಹೇಗೂ ನಾಳೆ ಎಲ್ಲ ಅಳಿಸುತ್ತೇನೆ, ಅಳಿಸಿದ ಮೇಲೆ ಮುಗಿದ ಹಾಗೇ ಅಲ್ಲವೇ? ಬಾಯಿ ತೆರೆದೆ. ಆ ಮುದುಕಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದರು.

"ಇಲ್ಲ ಅಜ್ಜಿ" ಎಂದೆ. "ಒಂದು ಐತೆ. ಬಾಕಿ ಐತೆ."

ಅವರೇನೂ ಬೇಸರಪಡಲಿಲ್ಲ. "ಅಂಗಾದ್ರೆ ಮುಗಿಸ್ಕೊಂಡು ಬಾ" ಎಂದು ಕೈ ಬಿಟ್ಟರು. ಬೇಸರವಾದದ್ದು ಹೆಂಡತಿಗೆ. ಕಾಫಿ ಕೊಟ್ಟು ಬೀದಿಯ ತಿರುವಿನ ತನಕ ಬಂದರು. ನಾನು ಆಟೋ ಹತ್ತುವಾಗ, "ಎಲ್ಲಾಯ್ತಮ್ಮ ಅದು? ಯಾವೂರತ್ರ?" ಎಂದು ಕೇಳಿದರು. ಗೊತ್ತಿಲ್ಲ ಅಕ್ಕ ಎಂದೆ. ನನಗೆ ಗೊತ್ತಿರುವ ಉತ್ತರ ಅದೊಂದೇ ಆಗಿತ್ತು.

ಮರುದಿನ ಅಳಿಸುವ ಬದಲು ಆ ಕೆಂಪು ಪರೀಕ್ಷೆಯನ್ನು ತೆರೆದುಕೊಂಡು ಕೂತೆ. ಮುಖ್ಯಸ್ಥನಿಗೆ ಹೇಳಿದೆ, ಇದೊಂದನ್ನು ಸರಿಮಾಡಿ ಆಮೇಲೆ ಅಳಿಸುತ್ತೇನೆ ಅಂತ. ಅಳಿಸುವುದನ್ನು ಯಾಕೆ ಸರಿಮಾಡುತ್ತೀರಿ ಎಂದು ಅವನು ಕೇಳಿದ. ನಾನು ಕೆಲಸ ಶುರು ಮಾಡಿದೆ. ಸಾಧನದ ಆ ಭಾಗ ಬರೆದವರು ಕಂಪನಿ ಬಿಟ್ಟು ಬಹಳ ದಿನವಾಗಿತ್ತು. ಎಲ್ಲಿ ಹೆಜ್ಜೆ ಹಿಂದಕ್ಕಿಡುತ್ತದೆ ಎಂದು ಹುಡುಕಿ, ತಡೆಯ ಗುರುತು ಇದ್ದರೆ ಇಡಬೇಡ ಎಂದು ಸೇರಿಸಿದೆ. ಒಂದು ಕಡೆ ಸರಿಹೋದರೆ ಇನ್ನೊಂದು ಕಡೆ ಕೆಂಪಾಯಿತು. ಸಾಧನ ಗುರುತನ್ನು ಓದಿ ಅಲ್ಲಿಗೇ ಮರೆತುಬಿಡುತ್ತಿತ್ತು, ಮೇಲಿನ ಮಜಲಿಗೆ ಹತ್ತುವಷ್ಟರಲ್ಲಿ ಇರುತ್ತಿರಲಿಲ್ಲ. ಅದನ್ನು ಜೊತೆಗೆ ಒಯ್ಯುವ ಹಾಗೆ ಮಾಡಬೇಕಾಯಿತು. ರೈಲಿನಲ್ಲಿ ಕಿಟಕಿ ಪಕ್ಕ ಯಾರೋ ಕೂತಿರುತ್ತಿದ್ದರು, ನಾನು ನಿಂತುಕೊಂಡು ಅದನ್ನೇ ಯೋಚಿಸುತ್ತಾ ಹೋಗುತ್ತಿದ್ದೆ. ಯಾವುದೋ ಮಧ್ಯಾಹ್ನ ಓಡಿಸಿದಾಗ ಸಾಧನ ಪಕ್ಕದ ಫಂಕ್ಷನ್ನಿನ ಹೆಸರು ಹೇಳಲಿಲ್ಲ. ಅವರು ತಿಂಗಳುಗಳ ಹಿಂದೆ ಬರೆದಿಟ್ಟಿದ್ದ ಹೆಸರನ್ನೇ ಹೇಳಿತು. ಕೆಂಪು ಹಸಿರಾಯಿತು. ನಾನು ಎದ್ದು ಹೋಗಿ ಊಟ ಮಾಡಿ ಬಂದೆ. ಸಂತೋಷ ಆಗಬೇಕಿತ್ತು, ಆಗಲಿಲ್ಲ.

ಮುಖ್ಯಸ್ಥ ಬದಲಾವಣೆಯನ್ನು ಓದಿ ನೋಡಿದ. ಸುಮಾರು ಹೊತ್ತು ಓದಿದ. "ಗ್ರಾಹಕರು ಕಳಿಸಿದ ವರದಿಗಳಲ್ಲಿ ಆಗಾಗ ಯಾವುದೋ ಸಂಬಂಧವಿಲ್ಲದ ಫಂಕ್ಷನ್ ಹೆಸರು ಬರ್ತಿತ್ತಲ್ಲ, ನಾವು ನೆಟ್‌ವರ್ಕ್ ತೊಂದರೆ ಅಂದ್ಕೊಂಡಿದ್ವಿ, ಅದು ಇದೇ ಇರಬಹುದು" ಎಂದ. ಇರಬಹುದು ಎಂದೆ. "ಈ ಪರೀಕ್ಷೆ ಉಳಿಸಿಕೊಳ್ಳೋಣ."

"ಇದು ಉಳೀಬೇಕು ಅಂದ್ರೆ ಅಚ್ಚು ಉಳೀಬೇಕು. ಬೇರೆ ಎಲ್ಲೂ ಇಂಥದ್ದು ಸಿಗಲ್ಲ."

"ನೋಡ್ಕೊಳ್ಳೋದು ಯಾರು?"

"ನಾನು" ಎಂದೆ. ಅವನು ತಲೆಯಾಡಿಸಿದ. ಇಷ್ಟೇ ನಡೆದದ್ದು. ಯಾರೂ ಯಾರನ್ನೂ ಹೊಗಳಲಿಲ್ಲ, ಮುಂದಿನ ವಿಷಯಕ್ಕೆ ಹೋದೆವು.

ಆ ಭಾನುವಾರ ಮತ್ತೆ ಮಾರಿಕುಪ್ಪಂ ರೈಲು ಹತ್ತಿದೆ. ಅಜ್ಜಿ ಮಂಚದ ಮೇಲೆ ಮಲಗಿದ್ದರು, ಈ ಸಲ ಏಳಲಾಗಲಿಲ್ಲ. ಸೊಸೆ ನನ್ನನ್ನು ಕಂಡು ಏನೂ ಕೇಳದೆ ಒಳಕ್ಕೆ ಕರೆದುಕೊಂಡರು.

"ಮುಗೀತು ಅಜ್ಜಿ" ಎಂದೆ.

"ಎಂಗೆ ಮುಗೀತು, ಏಳು."

ಅವರಿಗೆ ಸುಮ್ಮನೆ ಮುಗೀತು ಎಂದರೆ ಸಾಲದು. ನಾನು ಮಂಚದ ತುದಿಯಲ್ಲಿ ಕೂತು ಹೇಳಿದೆ. "ಒಬ್ರು ಓಸ್ತಿಲ ಮೇಲೆ ನಿಂತಿದ್ರು ಅಜ್ಜಿ. ಒಂದು ಕಾಲು ಒಳಗೆ ಇಕ್ಕಿದ್ರು. ಮಿಷನ್ನು ಅವ್ರನ್ನ ಪಕ್ಕದ ಮನೆಯೋರು ಅಂತಿತ್ತು. ಅದು ತಪ್ಪು ಅಂತ ನಿಮ್ಮಗ ಏಳಿದ್ರು. ಈಗ ಮಿಷನ್ನು ಸರಿಯಾಗಿ ಏಳ್ತದೆ, ಅವ್ರು ಈ ಮನೆಯೋರೇ ಅಂತ."

"ಮೊದ್ಲು ಕಂಡಿಡ್ದಿದ್ದು ನನ್ ಮಗನಾ?"

"ಹೂಂ. ಅವ್ರೇ."

"ಸರಿ ಕಣ್ಣು. ತೆಗಿ."

ಬಾಗಿಲಿಗೆ ಹೋದೆ. ಸೊಸೆ ತಗಡಿನ ಡಬ್ಬಿಯನ್ನು ತಂದು ಹಿಡಿದುಕೊಂಡರು. ವಾಷರು ಬಿಸಿಲಿಗೆ ಬೆಚ್ಚಗಾಗಿತ್ತು, ಅಂಚು ಸವೆದು ನುಣುಪಾಗಿತ್ತು. ಮೊಳೆಯಿಂದ ಬಿಡಿಸಿಕೊಂಡು ಡಬ್ಬಿಗೆ ಬಿಟ್ಟೆ. ಠಣ್ ಎಂದಿತು.

"ಬಂದ್ಯಾಪ್ಪಾ?" ಎಂದು ಒಳಗಿನಿಂದ ಅಜ್ಜಿ ಕೇಳಿದರು.

ಅವರಿಗೆ ಮರೆವಿರಲಿಲ್ಲ. ಮಗ ಇಲ್ಲವೆಂಬುದು ಆ ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು. ಬಿಲ್ಲೆ ಡಬ್ಬಿಗೆ ಬಿದ್ದರೆ ಕೇಳಬೇಕು, ಕೇಳಿದರು. ಕೇಳಿದ ಮೇಲೆ ಯಾರಾದರೂ ಉತ್ತರ ಕೊಡಬೇಕು. ಸೊಸೆ ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತರು.

"ಬಂದ್ರು ಅಜ್ಜಿ" ಎಂದೆ ನಾನು. "ಮನೆಗೆ ಬಂದ್ರು."

ಹಾಗೆಂದ ಮೇಲೆ ನನಗೆ ಅಳು ಬಂತು. ಇಷ್ಟು ದಿನ ಬಾರದ್ದು ಒಟ್ಟಿಗೇ ಬಂತು. ಒಳಗೂ ಹೋಗಲಾಗದೆ ಹೊರಗೂ ಬರಲಾಗದೆ ಅವರ ಮನೆಯ ಹೊಸ್ತಿಲ ಮೇಲೆಯೇ ಕೂತು ಅತ್ತೆ.